ವೆಂಡರ್‌ನ ನಂಬಬೇಕೋ, ನಿಗಾ ಇಡಬೇಕೋ?

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಏರ್‌ಬಸ್ ಎ220 ವಿಮಾನದ ಎಲ್ಲ ಬಾಗಿಲುಗಳನ್ನೂ ಮಾಡಿಕೊಡುವ ಕೆಲಸ. ವಿಮಾನದ ಬಾಗಿಲು ಸಾಮಾನ್ಯ ವಸ್ತುವಲ್ಲ. ಸಾವಿರಾರು ಅಡಿ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಅದು ತಡೆದು ನಿಲ್ಲಬೇಕು. ತುರ್ತು ಬಂದಾಗ ತಡಮಾಡದೆ ತೆರೆದುಕೊಳ್ಳಬೇಕು. ಈ ವಿಮಾನ ಜೋಡಣೆಯಾಗುವುದು ಕೆನಡಾ ಮತ್ತು ಅಮೆರಿಕದಲ್ಲಿ. ಬಾಗಿಲು ಹೋಗುವುದು ನಮ್ಮೂರಿನಿಂದ.

ಬೆಳಗಾವಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗ ಮಾಡುತ್ತದೆ. ಬಿಡದಿಯ ಟೊಯೋಟಾ ಸುತ್ತ ಅದಕ್ಕೆ ಸಾಮಾನು ಕೊಡುವ ಕಾರ್ಖಾನೆಗಳಿವೆ. ಬೆಂಗಳೂರಿನ ಇ-ಸ್ಕೂಟರ್ ಕಂಪನಿಗಳು ಮೋಟಾರು, ಬ್ಯಾಟರಿ ಕವಚ, ವೈರಿಂಗ್ ಇವನ್ನೆಲ್ಲ ಹೊರಗಿನವರ ಜೊತೆ ಕೂತು ಬೆಳೆಸುತ್ತಿವೆ. ಹೀಗಾಗಿ ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಮಾತ್ರ ಕೇಳಿಬರುತ್ತಿದ್ದ ಒಂದು ಪ್ರಶ್ನೆ ಈಗ ನಮ್ಮ ಮನೆಗಳಿಗೂ ಬಂದಿದೆ. ಮಗಳು ಡಿಸೈನ್ ಎಂಜಿನಿಯರ್, ಅಣ್ಣನದು ಚಿಕ್ಕ ವರ್ಕ್‌ಶಾಪ್, ಪಕ್ಕದ ಮನೆಯವರು ಕ್ವಾಲಿಟಿ ವಿಭಾಗದಲ್ಲಿ. ಹೊಸ ವಸ್ತುವೊಂದನ್ನು ಇಬ್ಬರು ಸೇರಿ ರೂಪಿಸುವಾಗ, ಕೊಳ್ಳುವ ಕಂಪನಿ ಮಾಡಿಕೊಡುವವರನ್ನು, ಅಂದರೆ ವೆಂಡರ್ ಅಥವಾ ಸಪ್ಲೈಯರ್‌ನ, ಎಷ್ಟು ನಂಬಬೇಕು? ಎಷ್ಟು ನಿಗಾ ಇಡಬೇಕು?

ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆಯಾಗುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಮುಂದೆ ಹೇಳುವ ಮೂರು ನಿಜ ಪ್ರಸಂಗಗಳನ್ನು ನೋಡಿದರೆ ಲೆಕ್ಕ ಬೇರೆಯೇ ಇದೆ ಎಂದು ಕಾಣುತ್ತದೆ.

ಡ್ರಾಯಿಂಗ್ ಕೊಡುವುದು, ಹೊಣೆ ಕೊಡುವುದು

ಕಾರ್ಖಾನೆಗಳು ಹೊರಗೆ ಕೆಲಸ ಕೊಡುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಮೊದಲನೆಯದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತಿರುವುದು. ಕಂಪನಿ ಡ್ರಾಯಿಂಗ್ ಕೊಡುತ್ತದೆ. ಯಾವ ಲೋಹ, ಎಷ್ಟು ಅಳತೆ, ಎಷ್ಟು ಮೈಕ್ರಾನ್ ಹೆಚ್ಚುಕಡಿಮೆ ಆಗಬಹುದು, ಎಲ್ಲ ಅದರಲ್ಲೇ ಇರುತ್ತದೆ. ವರ್ಕ್‌ಶಾಪ್‌ನವರು ಅದರಂತೆ ಮಾಡುತ್ತಾರೆ. ಗೇಜ್ ಹಾಕಿ ನೋಡಿದಾಗ ಸರಿ ಬಂದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್. ಇಲ್ಲಿ ನಂಬಿಕೆಯ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಳತೆ ಸುಳ್ಳು ಹೇಳುವುದಿಲ್ಲ.

ಎರಡನೆಯದರಲ್ಲಿ ಕಂಪನಿ ಡ್ರಾಯಿಂಗ್ ಕೊಡುವುದಿಲ್ಲ, ಬೇಕಾದದ್ದನ್ನು ಹೇಳುತ್ತದೆ. ‘ಇಷ್ಟು ಭಾರ ತಡೆಯಬೇಕು, ಇಷ್ಟು ತೂಕ ಮೀರಬಾರದು, ಇಷ್ಟು ವರ್ಷ ಬಾಳಬೇಕು, ಪಕ್ಕದ ಭಾಗಕ್ಕೆ ಈ ಜಾಗದಲ್ಲಿ ಕೂಡಬೇಕು. ಡಿಸೈನ್ ನೀವೇ ಮಾಡಿ.’ ಈಗ ವೆಂಡರ್ ಬರೀ ಮಾಡಿಕೊಡುವವರಲ್ಲ, ಯೋಚಿಸುವವರು ಕೂಡ. ಲೆಕ್ಕ ಅವರದು, ಡ್ರಾಯಿಂಗ್ ಅವರದು, ಪರೀಕ್ಷೆಯೂ ಬಹುಪಾಲು ಅವರದೇ.

ಮನೆ ಕಟ್ಟಿಸಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಪ್ಲಾನ್ ಕೈಗೆ ಕೊಟ್ಟು, ಸಿಮೆಂಟು ಕಬ್ಬಿಣ ನಾವೇ ತಂದು, ಮೇಸ್ತ್ರಿಗೆ ಕೂಲಿ ಕೊಡುವುದು ಒಂದು ರೀತಿ. ‘ಚದರಕ್ಕೆ ಇಷ್ಟು ಅಂತ ಕೊಡುತ್ತೇವೆ, ಬೀಗದ ಕೈ ಕೊಡುವವರೆಗೆ ಎಲ್ಲ ನಿಮ್ಮದೇ’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ತಲೆನೋವು ಕಡಿಮೆ ಅನಿಸುತ್ತದೆ. ಆದರೆ ಗೋಡೆಯೊಳಗೆ ಹೋದ ಪೈಪು, ಮೋಲ್ಡ್ ಒಳಗೆ ಹೋದ ಕಬ್ಬಿಣ ಪ್ಲಾಸ್ಟರಿಂಗ್ ಆದ ಮೇಲೆ ಕಾಣುವುದಿಲ್ಲ. ಮೋಲ್ಡ್ ಹಾಕುವ ಹಿಂದಿನ ದಿನ ಹೋಗಿ ನೋಡಿದವರಿಗೂ ಗೃಹಪ್ರವೇಶದ ದಿನ ಹೋಗಿ ನೋಡಿದವರಿಗೂ ಕಾಣುವುದು ಒಂದೇ ಅಲ್ಲ. ಹೋಗಿ ನೋಡಿದರೂ ಏನು ನೋಡಬೇಕು ಎಂದು ಗೊತ್ತಿರಬೇಕು, ಅಲ್ವಾ?

ನಂಬಿಕೆಯಲ್ಲಿ ಮೂರು ಬಗೆ

ಬ್ರಿಟನ್ ಮತ್ತು ಜಪಾನಿನ ಕಂಪನಿಗಳು ತಮ್ಮ ಸಪ್ಲೈಯರ್‌ಗಳ ಜೊತೆ ಹೇಗೆ ನಡೆದುಕೊಳ್ಳುತ್ತವೆ ಎಂದು ಅಧ್ಯಯನ ಮಾಡಿದವರು ಮಾರಿ ಸಾಕೋ. ಅವರು ನಂಬಿಕೆಯನ್ನು ಮೂರು ಭಾಗ ಮಾಡಿದರು. ಈ ವಿಂಗಡಣೆ ನನಗೆ ಬಹಳ ಉಪಯುಕ್ತ ಅನಿಸುತ್ತದೆ. ಯಾಕೆಂದರೆ ‘ಅವರ ಮೇಲೆ ನಂಬಿಕೆ ಇಲ್ಲ’ ಎಂದು ಯಾರಾದರೂ ಹೇಳಿದಾಗ ಯಾವ ನಂಬಿಕೆ ಎಂದು ಕೇಳಬಹುದು.

ಮೊದಲನೆಯದು ಮಾತಿನ ನಂಬಿಕೆ. ಒಪ್ಪಿದ್ದನ್ನು ಮಾಡುತ್ತಾರೆ, ಹಣ ಹೇಳಿದ ದಿನ ಬರುತ್ತದೆ, ನಮ್ಮ ಡ್ರಾಯಿಂಗ್ ಬೇರೆಯವರ ಕೈಗೆ ಹೋಗುವುದಿಲ್ಲ ಎಂಬ ಭರವಸೆ. ಎರಡನೆಯದು ಕೈಯ ನಂಬಿಕೆ. ಈ ಕೆಲಸ ಮಾಡುವ ಸಾಮರ್ಥ್ಯ ಅವರಿಗಿದೆ ಎಂಬುದು. ಮೂರನೆಯದು ಮನಸ್ಸಿನ ನಂಬಿಕೆ. ಒಪ್ಪಂದದಲ್ಲಿ ಬರೆಯದ ಕಷ್ಟ ಬಂದಾಗಲೂ ಅವರು ನಮ್ಮ ಜೊತೆ ನಿಲ್ಲುತ್ತಾರೆ, ನಮ್ಮ ಕಷ್ಟವನ್ನು ತಮ್ಮ ಲಾಭ ಮಾಡಿಕೊಳ್ಳುವುದಿಲ್ಲ ಎಂಬುದು.

ತುಂಬ ಒಳ್ಳೆಯ ಮನಸ್ಸಿನ ವೆಂಡರ್‌ಗೆ ಹೊಸ ಕೆಲಸದ ಸಾಮರ್ಥ್ಯ ಇಲ್ಲದಿರಬಹುದು. ತುಂಬ ಸಾಮರ್ಥ್ಯ ಇರುವವರು ಮಾತಿಗೆ ತಪ್ಪಬಹುದು. ಒಂದರ ಮೇಲಿನ ನಂಬಿಕೆಯನ್ನು ಇನ್ನೊಂದಕ್ಕೆ ಹಚ್ಚಿದಾಗ ಎಡವಟ್ಟಾಗುತ್ತದೆ.

ನಿಗಾದಲ್ಲೂ ಬಗೆಗಳಿವೆ. ಕೊನೆಯ ಫಲಿತಾಂಶ ನೋಡುವುದು ಒಂದು. ಕೆಲಸ ನಡೆಯುವ ರೀತಿಯನ್ನೇ ನೋಡುವುದು ಇನ್ನೊಂದು. ಎರಡೂ ಕಡೆಯವರು ಒಂದೇ ಅಭ್ಯಾಸ, ಒಂದೇ ಶಿಸ್ತು ಬೆಳೆಸಿಕೊಂಡು, ಯಾರೂ ಬಂದು ನೋಡದಿದ್ದರೂ ಕೆಲಸ ಸರಿಯಾಗಿ ನಡೆಯುವಂತೆ ಮಾಡುವುದು ಮತ್ತೊಂದು. ಕೊನೆಯದಕ್ಕೆ ವರ್ಷಗಟ್ಟಲೆ ಸಮಯ ಬೇಕು.

ಬೋಯಿಂಗ್ 787: ಹೊಣೆ ಕೊಟ್ಟು ತಿರುಗಿ ನೋಡದಿದ್ದಾಗ

ಈ ವಿಷಯ ಅರ್ಥವಾಗಬೇಕಾದರೆ ಬೋಯಿಂಗ್ 787 ಡ್ರೀಮ್‌ಲೈನರ್‌ನ ಕತೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

2004ರಲ್ಲಿ ಜಪಾನಿನ ಆಲ್ ನಿಪ್ಪಾನ್ ಏರ್‌ವೇಸ್ 50 ವಿಮಾನಗಳಿಗೆ ಆರ್ಡರ್ ಕೊಟ್ಟಾಗ ಯೋಜನೆ ಶುರುವಾಯಿತು. ವಿಮಾನ ಹೊಸದು, ವಸ್ತುವೂ ಹೊಸದು. ತೂಕದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಭಾಗ ಅಲ್ಯೂಮಿನಿಯಂ ಬದಲು ಕಾರ್ಬನ್ ನಾರಿನ ಸಂಯುಕ್ತ ವಸ್ತುವಿನಿಂದ ಆಗಬೇಕಿತ್ತು. ಇದರ ಜೊತೆಗೆ ಬೋಯಿಂಗ್ ಕೆಲಸ ಮಾಡಿಸುವ ರೀತಿಯನ್ನೂ ಬದಲಿಸಿತು. ಹಿಂದೆ ಬಹುಪಾಲು ಡಿಸೈನ್ ತಾನೇ ಮಾಡಿ ಡ್ರಾಯಿಂಗ್ ಹೊರಗೆ ಕೊಡುತ್ತಿತ್ತು. ಈ ಸಲ ಸುಮಾರು 50 ದೊಡ್ಡ ಪಾಲುದಾರ ಕಂಪನಿಗಳನ್ನು ಆರಿಸಿಕೊಂಡು ವಿವರವಾದ ಡಿಸೈನ್ ಹೊಣೆಯನ್ನೇ ಅವರಿಗೆ ಒಪ್ಪಿಸಿತು.

ರೆಕ್ಕೆಗಳು ಜಪಾನಿನ ಮಿತ್ಸುಬಿಷಿಯಿಂದ. ಮುಂಭಾಗದ ಒಡಲಿನ ಒಂದು ತುಂಡು ಕವಾಸಾಕಿಯಿಂದ. ನಡುವಿನ ಒಡಲು ಇಟಲಿಯ ಅಲೇನಿಯಾದಿಂದ. ಹಿಂಭಾಗ ಅಮೆರಿಕದ ವಾಟ್ ಕಂಪನಿಯಿಂದ. ಮೂಗಿನ ಭಾಗ ಸ್ಪಿರಿಟ್ ಏರೋಸಿಸ್ಟಮ್ಸ್‌ನಿಂದ. ಈ ತುಂಡುಗಳು ಒಳಗಿನ ವೈರು, ಪೈಪು ಸಮೇತ ಬರಬೇಕು. ಬೋಯಿಂಗ್‌ನವರು ಮೂರು ದಿನದಲ್ಲಿ ಜೋಡಿಸಿ ಮುಗಿಸಬೇಕು ಎಂಬುದು ಗುರಿ. ತುಂಡುಗಳನ್ನು ಹೊತ್ತು ತರಲೆಂದೇ ನಾಲ್ಕು ಬೋಯಿಂಗ್ 747ಗಳ ಹೊಟ್ಟೆ ದೊಡ್ಡದು ಮಾಡಿ ಸರಕು ವಿಮಾನಗಳನ್ನಾಗಿ ಬದಲಿಸಿದರು.

ಹಣದ ಲೆಕ್ಕವೂ ಹೊಸದು. ತಮ್ಮ ಪಾಲಿನ ಡಿಸೈನ್ ಖರ್ಚನ್ನು ಪಾಲುದಾರರೇ ಹಾಕಬೇಕು, ವಿಮಾನ ಮಾರಾಟವಾದಾಗ ಅದು ವಾಪಸ್ ಬರುತ್ತದೆ. ಎಲ್ಲರೂ ಸ್ವಂತ ಹಣ ಹಾಕಿದ್ದಾರೆ ಅಂದರೆ ಎಲ್ಲರೂ ಜವಾಬ್ದಾರಿಯಿಂದ ಕೆಲಸ ಮಾಡುತ್ತಾರೆ ಎಂಬ ನಂಬಿಕೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದರಲ್ಲಿ ಒಂದು ಸಿಕ್ಕು ಇದೆ. ಹತ್ತು ಜನರ ಕೆಲಸ ಮುಗಿದ ಮೇಲಷ್ಟೇ ಎಲ್ಲರಿಗೂ ಹಣ ಎಂದಾದರೆ, ಒಬ್ಬರು ತಡ ಮಾಡಿದರೂ ಉಳಿದ ಒಂಬತ್ತು ಜನ ಕಾಯಬೇಕು. ಹೇಗಿದ್ದರೂ ಕಾಯಬೇಕು ಎಂದಮೇಲೆ ಹೆಚ್ಚು ಖರ್ಚು ಮಾಡಿ ಮೊದಲೇ ಮುಗಿಸಲು ಯಾರಿಗೆ ಅವಸರ? ನಂಬಿಕೆ ಬೆಳೆಸಲು ಮಾಡಿದ ಏರ್ಪಾಡೇ ನಿಧಾನಕ್ಕೆ ದಾರಿ ಮಾಡಿಕೊಟ್ಟಿತು.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದೆ ಬೆಳೆಯಿತು. ಪಾಲುದಾರರು ತಮ್ಮ ಕೆಲಸದ ಒಂದಷ್ಟು ಭಾಗವನ್ನು ಕೆಳಗಿನ ವೆಂಡರ್‌ಗಳಿಗೆ ಕೊಟ್ಟರು, ಅವರು ಇನ್ನೂ ಕೆಳಗಿನವರಿಗೆ. ಪ್ರಗತಿ ತಿಳಿಯಲು ಒಂದು ಕಂಪ್ಯೂಟರ್ ವ್ಯವಸ್ಥೆ ಇತ್ತು. ಎಲ್ಲರೂ ತಮ್ಮ ಕೆಲಸದ ಸ್ಥಿತಿಯನ್ನು ಅದರಲ್ಲಿ ತುಂಬಬೇಕಿತ್ತು. ಎಲ್ಲರೂ ಸರಿಯಾಗಿ, ಸಮಯಕ್ಕೆ ತುಂಬಲಿಲ್ಲ. ತಡವಾಗಿದೆ ಎಂದು ಮೊದಲು ಹೇಳುವವರು ಯಾರು? ಹೇಳಿದವರ ಮೇಲೇ ಎಲ್ಲರ ಕಣ್ಣು ಬೀಳುತ್ತದೆ.

2007ರ ಜುಲೈ 8ರಂದು ಬೋಯಿಂಗ್ ಮೊದಲ ವಿಮಾನವನ್ನು ಜಗತ್ತಿಗೆ ತೋರಿಸಿತು. ಅಮೆರಿಕದವರು ತಾರೀಕು ಬರೆಯುವ ರೀತಿಯಲ್ಲಿ ಅದು 7/8/07. ಬಣ್ಣ ಬಳಿದ ವಿಮಾನ ಚೆನ್ನಾಗಿ ಕಂಡಿತು. ಒಳಗೆ ಬಹುಪಾಲು ಖಾಲಿ. ತುಂಡುಗಳನ್ನು ಬಿಗಿಯುವ ಸರಿಯಾದ ಫಾಸ್ಟನರ್‌ಗಳಿಗೆ ಕೊರತೆ ಇದ್ದ ಕಾರಣ ಎಷ್ಟೋ ಕಡೆ ತಾತ್ಕಾಲಿಕ ಬೋಲ್ಟು ಹಾಕಿ ಜೋಡಿಸಿದ್ದರು. ಅವನ್ನು ಒಂದೊಂದಾಗಿ ತೆಗೆದು ಬದಲಿಸಬೇಕಾಯಿತು. ಪೂರ್ತಿ ಆಗಿ ಬರಬೇಕಿದ್ದ ತುಂಡುಗಳು ಅರ್ಧಂಬರ್ಧ ಕೆಲಸದೊಂದಿಗೆ ಬಂದಿದ್ದವು. ಅದೇ ವರ್ಷ ಹಾರಬೇಕಿದ್ದ ವಿಮಾನ ಮೊದಲು ಹಾರಿದ್ದು 2009ರ ಡಿಸೆಂಬರ್ 15ರಂದು. 2008ರಲ್ಲಿ ಗ್ರಾಹಕರ ಕೈ ಸೇರಬೇಕಿದ್ದದ್ದು ಸೇರಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಮೂರು ವರ್ಷಕ್ಕೂ ಜಾಸ್ತಿ ತಡ.

ಬೋಯಿಂಗ್ ಆಮೇಲೆ ಏನು ಮಾಡಿತು ಎಂಬುದರಲ್ಲಿ ನಿಜವಾದ ಪಾಠ ಇದೆ. ತನ್ನ ಎಂಜಿನಿಯರುಗಳನ್ನು ಪಾಲುದಾರರ ಕಾರ್ಖಾನೆಗಳಿಗೆ ಕಳಿಸಿತು. 2008ರ ಕೊನೆಯಲ್ಲಿ ಅಮೆರಿಕದ ಎವರೆಟ್‌ನ ತನ್ನ ಕಾರ್ಖಾನೆಯಲ್ಲಿ ಒಂದು ನಿಗಾ ಕೇಂದ್ರ ತೆರೆಯಿತು. ಎಲ್ಲ ದೇಶಗಳ ಸಪ್ಲೈಯರ್‌ಗಳ ಸ್ಥಿತಿಯನ್ನು ಒಂದೇ ಕೋಣೆಯಿಂದ ನೋಡಿ, ಯಾವ ಹೊತ್ತಿನಲ್ಲಾದರೂ ಅವರ ಜೊತೆ ಮಾತಾಡುವ ಏರ್ಪಾಡು ಅದು. 2009ರಲ್ಲಿ ವಾಟ್ ಕಂಪನಿಯ ದಕ್ಷಿಣ ಕೆರೊಲಿನಾದ ಕಾರ್ಖಾನೆಯನ್ನು ಸುಮಾರು 58 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಬೋಯಿಂಗ್‌ನ ಪ್ರಯಾಣಿಕ ವಿಮಾನ ವಿಭಾಗದ ಮುಖ್ಯಸ್ಥರಾಗಿದ್ದ ಜಿಮ್ ಆಲ್ಬಾ 2011ರಲ್ಲಿ ಈ ವಿಷಯವನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ಮುಖ್ಯ ತಂತ್ರಜ್ಞಾನವನ್ನು ಹತ್ತಿರ ಇಟ್ಟುಕೊಂಡಿದ್ದರೆ ಆಗುತ್ತಿದ್ದ ಖರ್ಚಿಗಿಂತ, ಕೆಟ್ಟದ್ದನ್ನು ಸರಿಮಾಡಲು ಆದ ಖರ್ಚು ತುಂಬ ಹೆಚ್ಚು ಎಂಬುದು ಅವರ ಮಾತಿನ ಸಾರ.

ಎಚ್ಚರಿಕೆ ಮೊದಲೇ ಬಂದಿತ್ತು. 2001ರಲ್ಲಿ ಬೋಯಿಂಗ್‌ನದೇ ಎಂಜಿನಿಯರ್ ಜಾನ್ ಹಾರ್ಟ್-ಸ್ಮಿತ್ ಕಂಪನಿಯ ಒಳಗಿನ ಸಭೆಯೊಂದರಲ್ಲಿ ಇದನ್ನೇ ಹೇಳಿದ್ದರು. ಕೆಲಸ ಹೊರಗೆ ಕೊಟ್ಟರೆ ನಮ್ಮ ಕೆಲಸ ಕಡಿಮೆಯಾಗುವುದಿಲ್ಲ, ತುಂಡುಗಳು ಒಂದಕ್ಕೊಂದು ಕೂಡುವಂತೆ ಮೊದಲೇ ಹೆಚ್ಚು ಯೋಜನೆ ಮಾಡಬೇಕಾಗುತ್ತದೆ, ಸಪ್ಲೈಯರ್‌ಗೆ ಸ್ಥಳದಲ್ಲೇ ಬೆಂಬಲ ಕೊಡಬೇಕಾಗುತ್ತದೆ ಎಂದು. ಓದಿದಾಗ ಬೇಸರವಾಗುತ್ತದೆ. ಗೊತ್ತಿದ್ದವರು ಒಳಗೇ ಇದ್ದರು.

ಹಾಗಂತ ಹೊರಗೆ ಕೆಲಸ ಕೊಟ್ಟದ್ದೇ ತಪ್ಪು ಎಂದು ತಿಳಿಯಬಾರದು. 787 ಈವರೆಗೆ ಸಾವಿರಕ್ಕೂ ಹೆಚ್ಚು ವಿಮಾನಗಳು ಹೊರಬಂದಿರುವ ಯಶಸ್ವಿ ಮಾದರಿ. ಅದರ ರೆಕ್ಕೆಗಳನ್ನು ಮಾಡುವವರು ಈಗಲೂ ಮಿತ್ಸುಬಿಷಿಯವರೇ. ಈ ಜಪಾನಿ ಕಂಪನಿಗಳು 767, 777 ವಿಮಾನಗಳ ಕಾಲದಿಂದ ಬೋಯಿಂಗ್ ಜೊತೆ ಕೆಲಸ ಮಾಡಿದ್ದವು. ಸಾಮರ್ಥ್ಯ ಪರೀಕ್ಷೆಯಾಗಿ ಗಟ್ಟಿಯಾಗಿದ್ದ ಕಡೆ ನಂಬಿಕೆ ತಾಳಿತು.

ನಿಗಾ ಎಲ್ಲ ಒಬ್ಬರ ಕೈಗೆ ಹೋದರೆ

ಈಗ ಇನ್ನೊಂದು ತುದಿ. 2013ರ ಕೊನೆಯಲ್ಲಿ ಆಪಲ್ ಮತ್ತು ಜಿಟಿ ಅಡ್ವಾನ್ಸ್‌ಡ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿ ಒಂದು ಒಪ್ಪಂದ ಮಾಡಿಕೊಂಡವು. ಗಾಜಿನ ಬದಲು ಬಳಸುವ, ಸುಲಭಕ್ಕೆ ಗೀರು ಬೀಳದ ನೀಲಮಣಿ ಹರಳನ್ನು, ಅಂದರೆ ಸಫೈರ್ ಅನ್ನು, ದೊಡ್ಡ ಪ್ರಮಾಣದಲ್ಲಿ ಮಾಡುವ ಯೋಜನೆ. ಜಿಟಿ ಕಂಪನಿಗೆ ಸಫೈರ್ ಬೆಳೆಸುವ ಕುಲುಮೆಗಳನ್ನು ಮಾಡಿ ಮಾರಿ ಗೊತ್ತಿತ್ತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಸಫೈರ್ ತಯಾರಿಸಿ ಅಭ್ಯಾಸ ಇರಲಿಲ್ಲ.

ಆಪಲ್ 57.8 ಕೋಟಿ ಡಾಲರ್ ಮುಂಗಡವನ್ನು ಕಂತಿನಲ್ಲಿ ಕೊಡಲು ಒಪ್ಪಿತು. ಅರಿಝೋನಾದ ಮೇಸಾದಲ್ಲಿ ಕಾರ್ಖಾನೆಯ ಜಾಗವನ್ನೂ ಕೊಟ್ಟಿತು. ಪ್ರತಿಯಾಗಿ ಷರತ್ತುಗಳು ಬಿಗಿಯಾಗಿದ್ದವು. ಜಿಟಿ ಆ ಕ್ಷೇತ್ರದಲ್ಲಿ ಬೇರೆಯವರಿಗೆ ಮಾರುವಂತಿಲ್ಲ. ಆಪಲ್ ಇಷ್ಟೇ ಕೊಳ್ಳುತ್ತೇನೆ ಎಂಬ ಹೊಣೆ ಹೊರುವುದಿಲ್ಲ. ಗುಟ್ಟು ಬಯಲಾದರೆ ಒಂದೊಂದು ಸಲಕ್ಕೆ 5 ಕೋಟಿ ಡಾಲರ್ ದಂಡ. ಸಫೈರ್ ದಿಮ್ಮಿಗಳಲ್ಲಿ ಬಹಳಷ್ಟು ದೋಷ ಬಂತು. ಕೊನೆಯ ಕಂತು ಬರಲಿಲ್ಲ. 2014ರ ಅಕ್ಟೋಬರ್ 6ರಂದು ಜಿಟಿ ದಿವಾಳಿ ಅರ್ಜಿ ಹಾಕಿತು.

ಯಾರ ತಪ್ಪು ಎಂಬ ಬಗ್ಗೆ ಎರಡೂ ಕಡೆಯವರು ಬೇರೆ ಬೇರೆ ಮಾತು ಹೇಳಿದರು. ನಮಗೆ ಮುಖ್ಯವಾದದ್ದು ಒಪ್ಪಂದದ ಆಕಾರ. ಕಾಗದದಲ್ಲಿ ಆಪಲ್‌ಗೆ ಪೂರ್ತಿ ಹಿಡಿತ ಇತ್ತು. ಆ ಹಿಡಿತದಿಂದ ಒಂದು ಒಳ್ಳೆಯ ಸಫೈರ್ ದಿಮ್ಮಿಯೂ ಹೆಚ್ಚಾಗಿ ಬರಲಿಲ್ಲ. ದಂಡದ ಷರತ್ತಿಗೆ ಸಾಮರ್ಥ್ಯ ಹುಟ್ಟಿಸುವ ಶಕ್ತಿ ಇಲ್ಲ. ವೆಂಡರ್ ಮುಳುಗಿದಾಗ ಕೊಳ್ಳುವವರ ಯೋಜನೆಯೂ ಮುಳುಗುತ್ತದೆ.

ಟೊಯೋಟಾದವರು ಬೇರೆ ಏನು ಮಾಡಿದರು

1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ. ಜಪಾನಿನ ಕರಿಯಾ ಊರಿನಲ್ಲಿದ್ದ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿನಲ್ಲಿ ಒತ್ತಡ ಹಂಚುವ ಒಂದು ಚಿಕ್ಕ ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಟೊಯೋಟಾಗೆ ಬೇಕಾದ ಈ ವಾಲ್ವ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದೊಂದೇ ಕಾರ್ಖಾನೆಯಿಂದ. ಸ್ಟಾಕ್ ಇಟ್ಟುಕೊಳ್ಳದೆ ಬೇಕಾದಾಗ ತರಿಸುವ ಪದ್ಧತಿ ಟೊಯೋಟಾದ್ದು. ಹೀಗಾಗಿ ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಟೊಯೋಟಾದ ಬಹುತೇಕ ಅಸೆಂಬ್ಲಿ ಲೈನ್‌ಗಳು ನಿಂತವು.

ತಿಂಗಳುಗಟ್ಟಲೆ ನಿಲ್ಲಬಹುದು ಎಂದು ಹೊರಗಿನವರು ಲೆಕ್ಕ ಹಾಕಿದರು. ಆದರೆ ಐಸಿನ್ ಆ ವಾಲ್ವ್‌ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಸುಮಾರು 200 ಕಂಪನಿಗಳು ಒಂದಲ್ಲ ಒಂದು ರೀತಿಯಲ್ಲಿ ಕೈಜೋಡಿಸಿದವು. ಅದರಲ್ಲಿ ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಇತ್ತು. ಮೊದಲ ವಾಲ್ವ್‌ಗಳು ಮೂರು ದಿನದಲ್ಲಿ ಬಂದವು. ಒಂದೆರಡು ವಾರದೊಳಗೆ ಕಾರು ಉತ್ಪಾದನೆ ಮೊದಲಿನ ಸ್ಥಿತಿಗೆ ಬಂತು. ಎಷ್ಟು ಹಣ, ಯಾರು ಕೊಡುತ್ತಾರೆ ಎಂದು ಮೊದಲೇ ಚೌಕಾಸಿ ನಡೆಯಲಿಲ್ಲ. ಕೈಜೋಡಿಸಿದ ಕಂಪನಿಗಳ ಖರ್ಚನ್ನು ಆಮೇಲೆ ಐಸಿನ್ ಕೊಟ್ಟಿತು. ಟೊಯೋಟಾ ತನ್ನ ನೇರ ಸಪ್ಲೈಯರ್‌ಗಳಿಗೆ ಆ ತ್ರೈಮಾಸಿಕದಲ್ಲಿ ಅವರು ತನಗೆ ಮಾಡಿದ ಮಾರಾಟದ ಶೇ 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು.

ಇದು ಬರೀ ಒಳ್ಳೆಯತನದ ಕತೆಯಲ್ಲ. ಈ ಕಂಪನಿಗಳ ಎಂಜಿನಿಯರುಗಳಿಗೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿತ್ತು. ಅದು ಹೇಗೆ ಗೊತ್ತಾಯಿತು ಎಂಬುದೇ ನಾವು ನೋಡಬೇಕಾದ್ದು.

1939ರಷ್ಟು ಹಿಂದೆಯೇ ಟೊಯೋಟಾದ ಖರೀದಿ ನಿಯಮದಲ್ಲಿ, ಒಮ್ಮೆ ಸಪ್ಲೈಯರ್ ಎಂದು ಆರಿಸಿದ ಮೇಲೆ ಅವರನ್ನು ನಮ್ಮದೇ ಶಾಖೆಯಂತೆ ನೋಡಬೇಕು ಎಂದು ಬರೆದಿತ್ತು. ಸಪ್ಲೈಯರ್‌ಗಳ ಸಂಘ 1943ರಿಂದ ಇದೆ. ಹೊಸ ಕಾರಿನ ಡಿಸೈನ್ ನಡೆಯುವಾಗ ಸಪ್ಲೈಯರ್ ಕಂಪನಿಯ ಎಂಜಿನಿಯರುಗಳು ಟೊಯೋಟಾ ಕಚೇರಿಯಲ್ಲೇ ಬಂದು ಕೂರುತ್ತಾರೆ. ಅವರನ್ನು ಅತಿಥಿ ಎಂಜಿನಿಯರ್ ಎನ್ನುತ್ತಾರೆ. ಬ್ರೇಕಿಗೂ ಚಕ್ರಕ್ಕೂ ನಡುವೆ ಜಾಗ ಸಾಲುತ್ತಿಲ್ಲ ಎಂದರೆ ಆ ಮಾತು ಅಲ್ಲೇ ಪಕ್ಕದ ಮೇಜಿನಲ್ಲಿ ಮುಗಿಯುತ್ತದೆ. ಟೊಯೋಟಾದ ತಜ್ಞರೂ ಸಪ್ಲೈಯರ್ ಕಾರ್ಖಾನೆಗೆ ಹೋಗಿ ಕೆಲಸ ಸುಧಾರಿಸಿಕೊಡುತ್ತಾರೆ.

ಜಪಾನಿನ ಕಾರು ಕಂಪನಿಗಳು ಡ್ರಾಯಿಂಗ್‌ಗಳನ್ನೇ ಎರಡು ಜಾತಿ ಮಾಡಿವೆ. ಕಂಪನಿ ಬರೆದು ಕೊಡುವ ಡ್ರಾಯಿಂಗ್ ಒಂದು. ಸಪ್ಲೈಯರ್ ಬರೆದು, ಕಂಪನಿ ಪರಿಶೀಲಿಸಿ ಒಪ್ಪಿಗೆ ಕೊಡುವ ಡ್ರಾಯಿಂಗ್ ಇನ್ನೊಂದು. ಎರಡನೆಯದರ ಹಕ್ಕು ಎಲ್ಲ ಸಪ್ಲೈಯರ್‌ಗೂ ಸಿಗುವುದಿಲ್ಲ. ವರ್ಷಗಳ ಕಾಲ ಮೊದಲ ಬಗೆಯ ಕೆಲಸ ಮಾಡಿ, ಗುಣಮಟ್ಟ ತೋರಿಸಿ, ಮೆಟ್ಟಿಲು ಹತ್ತಿದವರಿಗೆ ಸಿಗುತ್ತದೆ. ಒಪ್ಪಿಗೆ ಕೊಡಲು ಕಂಪನಿಗೂ ಆ ಕೆಲಸ ಗೊತ್ತಿರಬೇಕು. ಇಲ್ಲದಿದ್ದರೆ ಆ ಸಹಿಗೆ ಅರ್ಥವಿಲ್ಲ.

ಟೊಯೋಟಾದವರು ಕಣ್ಣು ಮುಚ್ಚಿ ನಂಬುವವರಲ್ಲ ಎಂಬುದನ್ನೂ ಹೇಳಬೇಕು. ಬೆಲೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಾರು ಎಷ್ಟಕ್ಕೆ ಮಾರಬಹುದು ಎಂದು ಮೊದಲು ನಿರ್ಧರಿಸಿ, ಲಾಭ ಕಳೆದು, ಒಂದೊಂದು ಭಾಗಕ್ಕೂ ಇಷ್ಟೇ ಖರ್ಚು ಎಂದು ಗುರಿ ಹಾಕುತ್ತಾರೆ. ಐಸಿನ್ ವಾಲ್ವ್‌ನಂಥ ಅಪವಾದ ಬಿಟ್ಟರೆ, ಒಂದೇ ಬಗೆಯ ಸಾಮಾನಿಗೆ ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ಸಪ್ಲೈಯರ್‌ಗಳನ್ನು ಬೆಳೆಸುತ್ತಾರೆ. ಆದರೆ ಗುರಿ ಮುಟ್ಟದಿದ್ದಾಗ ಎರಡೂ ಕಡೆಯವರು ಕೂತು ಡಿಸೈನ್‌ನಲ್ಲಿ ಎಲ್ಲಿ ಉಳಿಸಬಹುದು ಎಂದು ಹುಡುಕುತ್ತಾರೆ. ನಿಗಾ ತುಂಬ ಹತ್ತಿರದ್ದು, ಅದರ ಉದ್ದೇಶ ಸಪ್ಲೈಯರ್‌ನ ಗಟ್ಟಿ ಮಾಡುವುದು. ಬೋಯಿಂಗ್‌ಗೂ ಟೊಯೋಟಾಗೂ ಇರುವ ವ್ಯತ್ಯಾಸ ಎಷ್ಟು ನಂಬಿದರು ಎಂಬುದರಲ್ಲಿ ಇಲ್ಲ. ಟೊಯೋಟಾಗೆ ಸಪ್ಲೈಯರ್‌ನ ಕೆಲಸ ಒಳಗಿನಿಂದ ಗೊತ್ತಿತ್ತು, ಬೋಯಿಂಗ್‌ಗೆ ತಡವಾದ ಮೇಲೆ ಗೊತ್ತಾಯಿತು.

ನಿಗಾ ಕೆಲಸಕ್ಕೆ ಬರುವುದು ಎಲ್ಲಿ

ಹೊಸ ವಸ್ತುವಿನ ಕೆಲಸದಲ್ಲಿ ತಪ್ಪು ಎಷ್ಟು ಬೇಗ ಗೊತ್ತಾದರೆ ಅಷ್ಟು ಕಡಿಮೆ ಖರ್ಚು. ಕಂಪ್ಯೂಟರ್ ಮಾಡೆಲ್‌ನಲ್ಲಿ ಒಂದು ತೂತು ಜರುಗಿಸಲು ನಿಮಿಷ ಸಾಕು. ಭಾಗವನ್ನು ಅಚ್ಚೊತ್ತುವ ಡೈ ಮಾಡಿದ ಮೇಲೆ ಅದೇ ತೂತಿಗೆ ಲಕ್ಷಗಳು ಬೇಕಾಗಬಹುದು. ಹೀಗಾಗಿ ಕೆಲಸವನ್ನು ಹಂತ ಮಾಡುತ್ತಾರೆ. ಕಲ್ಪನೆ ಒಪ್ಪಿಗೆ, ಡಿಸೈನ್ ಒಪ್ಪಿಗೆ, ಮಾದರಿ ಪರೀಕ್ಷೆ, ಮೊದಲ ಪೀಸ್ ತಪಾಸಣೆ, ಆಮೇಲೆ ಉತ್ಪಾದನೆ. ಒಂದು ಹಂತ ದಾಟಲು ಏನೇನು ತೋರಿಸಬೇಕು ಎಂದು ಮೊದಲೇ ಬರೆದಿರುತ್ತದೆ. ವಿಮಾನ ಉದ್ಯಮದಲ್ಲಿ ಮೊದಲ ಪೀಸ್‌ನ ಪ್ರತಿಯೊಂದು ಅಳತೆಯನ್ನೂ ದಾಖಲೆ ಮಾಡುವ ಪದ್ಧತಿ ಇದೆ.

ಈ ದಾಖಲೆಗಳನ್ನು ವೆಂಡರ್‌ಗಳು ಕಿರಿಕಿರಿ ಎನ್ನುವುದುಂಟು. ಅದು ಅರ್ಥವಾಗುತ್ತದೆ. ಆದರೆ ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರ ಜನವರಿ 5 ಸಾಕ್ಷಿ. ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಒಡಲಿನ ಒಂದು ಮುಚ್ಚಳ ಹಾರಾಟದ ಮಧ್ಯೆ ಕಿತ್ತುಹೋಯಿತು. ಆ ಒಡಲು ಸ್ಪಿರಿಟ್ ಏರೋಸಿಸ್ಟಮ್ಸ್‌ನಿಂದ ಬಂದದ್ದು. ಅದರಲ್ಲಿದ್ದ ಕೆಟ್ಟ ರಿವೆಟ್‌ಗಳನ್ನು ಸರಿಪಡಿಸಲು ಬೋಯಿಂಗ್ ಕಾರ್ಖಾನೆಯಲ್ಲಿ ಮುಚ್ಚಳ ತೆಗೆದಿದ್ದರು. ಮತ್ತೆ ಹಾಕುವಾಗ ನಾಲ್ಕು ಬೋಲ್ಟುಗಳು ಬಿಟ್ಟುಹೋಗಿದ್ದವು. ತೆಗೆದದ್ದಕ್ಕೆ ದಾಖಲೆಯೇ ಸಿಗಲಿಲ್ಲ. ಯಾರ ಜೀವವೂ ಹೋಗಲಿಲ್ಲ ಎಂಬುದೇ ದೊಡ್ಡ ಪುಣ್ಯ. ಸ್ಪಿರಿಟ್ ಮೊದಲು ಬೋಯಿಂಗ್‌ನದೇ ಘಟಕವಾಗಿತ್ತು; 2005ರಲ್ಲಿ ತಾನೇ ಮಾರಿದ್ದ ಅದನ್ನು ವಾಪಸ್ ಕೊಳ್ಳುವ ಒಪ್ಪಂದವನ್ನು ಬೋಯಿಂಗ್ 2024ರ ಜುಲೈನಲ್ಲಿ ಪ್ರಕಟಿಸಿತು.

ಚಿಕ್ಕ ವೆಂಡರ್ ಕೇಳಬೇಕಾದ ಪ್ರಶ್ನೆಗಳು

ಇಲ್ಲಿಯವರೆಗೆ ಕೊಳ್ಳುವವರ ಕಡೆಯಿಂದ ನೋಡಿದೆವು. ನಂಬಿಕೆಯ ಪ್ರಶ್ನೆ ಇನ್ನೊಂದು ಕಡೆಯಿಂದ ಇನ್ನೂ ಗಂಭೀರ. ದೊಡ್ಡ ಕಂಪನಿಗೆ ಒಬ್ಬ ವೆಂಡರ್ ಕೈಕೊಟ್ಟರೆ ನಷ್ಟವಾಗುತ್ತದೆ. ಚಿಕ್ಕ ವೆಂಡರ್‌ಗೆ ಒಬ್ಬ ಗ್ರಾಹಕ ಕೈಕೊಟ್ಟರೆ ಕಾರ್ಖಾನೆಯೇ ಮುಚ್ಚಬಹುದು.

ಜಂಟಿಯಾಗಿ ಹೊಸ ವಸ್ತು ರೂಪಿಸುವ ಮಾತು ಬಂದಾಗ ಕೆಲವು ವಿಷಯ ಕಾಗದದಲ್ಲಿ ಇರಲೇಬೇಕು. ಡಿಸೈನ್ ಯಾರದು? ವೆಂಡರ್ ಮೊದಲೇ ತಂದ ತಿಳಿವಳಿಕೆ ಯಾವುದು, ಈ ಕೆಲಸದಲ್ಲಿ ಹೊಸದಾಗಿ ಹುಟ್ಟಿದ್ದು ಯಾವುದು? ಅದೇ ಡ್ರಾಯಿಂಗ್ ತೆಗೆದುಕೊಂಡು ಹೋಗಿ ಇನ್ನೊಬ್ಬರಿಂದ ಕಡಿಮೆ ಬೆಲೆಗೆ ಮಾಡಿಸಬಹುದೇ? ಡೈ, ಅಚ್ಚು ಮುಂತಾದ ಟೂಲಿಂಗ್ ಖರ್ಚು ಯಾರದು, ಡೈಗಳು ಯಾರ ಹೆಸರಿನಲ್ಲಿ ಇರುತ್ತವೆ? ಡಿಸೈನ್ ಫ್ರೀಜ್ ಆದ ಮೇಲೆ, ಅಂದರೆ ಇನ್ನು ಬದಲಿಸುವುದಿಲ್ಲ ಎಂದು ಒಪ್ಪಿದ ಮೇಲೆ, ಗ್ರಾಹಕರು ಬದಲಾವಣೆ ಕೇಳಿದರೆ ಅದರ ಖರ್ಚು, ಅದಕ್ಕೆ ಬೇಕಾದ ಹೆಚ್ಚುವರಿ ದಿನ ಯಾರ ಲೆಕ್ಕಕ್ಕೆ? ಮಾದರಿ ಪಾಸಾದರೂ ಆರ್ಡರ್ ಬರದಿದ್ದರೆ ಹಾಕಿದ ಹಣ ಏನು? ಹೀಗೆ ಕೇಳಿದರೆ ಅಪನಂಬಿಕೆ ತೋರಿಸಿದಂತೆ ಆಗುತ್ತದೆ ಎಂದು ಎಷ್ಟೋ ಜನ ಹಿಂಜರಿಯುತ್ತಾರೆ. ನನ್ನ ಪ್ರಕಾರ ಶುರುವಿನಲ್ಲಿ ಕೇಳಿದ ಪ್ರಶ್ನೆಯಿಂದ ಸಂಬಂಧ ಕೆಡುವುದಿಲ್ಲ. ಮೂರನೇ ಡೈ ಮಾಡಿದ ಮೇಲೆ, ಬಿಲ್ ಕೈಯಲ್ಲಿ ಹಿಡಿದು ಕೇಳಿದಾಗ ಕೆಡುತ್ತದೆ.

ಹಣ ಬರುವ ದಿನದ ಬಗ್ಗೆ ಕಾನೂನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಳ್ಳುವವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ನಿಯಮವೂ ಇದಕ್ಕೆ ಜೊತೆಯಾಗಿದೆ. ಗಡುವು ಮೀರಿದ ಬಾಕಿಯನ್ನು, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಆದರೂ ಮುಂದಿನ ಆರ್ಡರ್ ಹೋಗುತ್ತದೆ ಎಂಬ ಭಯಕ್ಕೆ ಸುಮ್ಮನಿರುವವರೇ ಜಾಸ್ತಿ.

ಹೊಸ ಡಿಸೈನ್ ಕೆಲಸದಲ್ಲಿ ಈ 45 ದಿನದ ಲೆಕ್ಕವೂ ಪೂರ್ತಿ ಸಾಲುವುದಿಲ್ಲ. ಆ ಗಡುವು ಶುರುವಾಗುವುದು ಮಾಲು ಅಥವಾ ಸೇವೆ ಒಪ್ಪಿಸಿದ ಮೇಲೆ. ಅದಕ್ಕೂ ಮೊದಲೇ ತಿಂಗಳುಗಟ್ಟಲೆ ಎಂಜಿನಿಯರುಗಳ ಸಂಬಳ, ಮಾದರಿಗಳ ಖರ್ಚು, ಪರೀಕ್ಷೆಯ ಖರ್ಚು ವೆಂಡರ್ ಕೈಯಿಂದ ಹೋಗಿರುತ್ತದೆ. ಅದಕ್ಕೇ ಹಂತಗಳಿಗೆ ಪಾವತಿಯನ್ನೂ ಜೋಡಿಸಬೇಕು. ಡಿಸೈನ್ ಒಪ್ಪಿಗೆಯಾದಾಗ ಇಷ್ಟು, ಮಾದರಿ ಪಾಸಾದಾಗ ಇಷ್ಟು, ಮೊದಲ ಪೀಸ್ ಸರಿ ಬಂದಾಗ ಇಷ್ಟು. ಹೀಗೆ ಮಾಡಿದರೆ ಕೊಳ್ಳುವವರಿಗೆ ಪ್ರತಿ ಹಂತದಲ್ಲೂ ಹೋಗಿ ನೋಡುವ ಕಾರಣ ಸಿಗುತ್ತದೆ. ಕೆಲಸ ಎಲ್ಲಿ ನಿಂತಿದೆ ಎಂದು ನಿಜ ಹೇಳಲು ವೆಂಡರ್‌ಗೂ ಹೆದರಿಕೆ ಇರುವುದಿಲ್ಲ.